ಒಂದು ಅಂಕದ ಆಟಗಾರ್ತಿ

ಮೈಸೂರಿನ ಸರಸ್ವತೀಪುರಂನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗರು ಬೆಳಗಿನ ಟೀಗೆ ಸೇರುವ ಅಂಗಡಿಯೊಂದಿದೆ. ಅಲ್ಲಿ ಮನೀಷಾ ಕಲ್ಯಾಣ್ ಅವರನ್ನು ಅರಿಯದವರು ಒಬ್ಬರೂ ಇಲ್ಲ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಈ ಫುಟ್‌ಬಾಲ್ ಫಾರ್ವರ್ಡ್ ಆಟಗಾರ್ತಿಯ ಹೆಸರು ಪೂರ್ತಿ ಬಾಯಿಂದ ಹೊರಡುವ ಮೊದಲೇ, "ಯುಇಎಫ್‌ಎ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರು, 2022, ಕ್ಲಬ್ಬು ಅಪೊಲ್ಲೊನ್, ದೇಶ ಸೈಪ್ರಸ್" ಎಂದು ನಾಲ್ವರು ಏಕಕಾಲಕ್ಕೆ ಮಗ್ಗಿಯಂತೆ ಒಪ್ಪಿಸಿಬಿಡುತ್ತಾರೆ. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಅದು. ಆಕೆ ಆಡುವುದನ್ನು ಯಾರಾದರೂ ನೋಡಿದ್ದೀರಾ ಎಂದು ಒಮ್ಮೆ ಕೇಳಿ ನಾನೇ ಪೆಚ್ಚಾದೆ. "ನೋಡೋದ್ಯಾಕೆ ಸಾರ್, ಒಂದೇ ಮಾರ್ಕ್ಸ್ ಅಲ್ವಾ?" ಎಂದ ಒಬ್ಬ, ಕನ್ನಡಕ ಸರಿಪಡಿಸಿಕೊಳ್ಳುತ್ತ. ಅವನ ಲೆಕ್ಕ ಸರಿಯಾಗಿಯೇ ಇತ್ತು. ತೊಂಬತ್ತು ನಿಮಿಷ ಕುಳಿತು ಒಂದು ಅಂಕ ಗಳಿಸುವುದಕ್ಕಿಂತ, ಎರಡು ಸೆಕೆಂಡಿನಲ್ಲಿ ಗಳಿಸುವುದು ಜಾಣತನವಲ್ಲವೆ?

ನಮ್ಮಲ್ಲಿ ಮಹಿಳಾ ಫುಟ್‌ಬಾಲ್‌ಗೆ ಅಭಿಮಾನಿಗಳಿಲ್ಲ ಎಂದು ಕೊರಗುವವರು ಈ ಟೀ ಅಂಗಡಿಗೆ ಒಮ್ಮೆ ಬರಬೇಕು. ಇಲ್ಲಿ ಆಟಗಾರ್ತಿಯರ ಸಲುವಾಗಿ ಜಗಳವೇ ನಡೆಯುತ್ತದೆ. ಕಳೆದ ತಿಂಗಳು ಅಣಕು ಪರೀಕ್ಷೆಯೊಂದರ ಕೀ ಉತ್ತರದಲ್ಲಿ, ಯುರೋಪಿನ ಕ್ಲಬ್ ಸೇರಿದ ಮೊದಲ ಭಾರತೀಯ ಮಹಿಳೆ ಮನೀಷಾ ಎಂದು ಅಚ್ಚಾಗಿತ್ತಂತೆ. 2020ರ ಜನವರಿಯಲ್ಲಿಯೇ ಗ್ಲಾಸ್ಗೋದ ರೇಂಜರ್ಸ್ ಜೊತೆ ಒಪ್ಪಂದಕ್ಕೆ ಸಹಿ ಮಾಡಿದ ಮಣಿಪುರದ ಫಾರ್ವರ್ಡ್ ಬಾಲಾ ದೇವಿಯವರ ಪರವಾಗಿ ಹನ್ನೊಂದು ಜನ ಆಕ್ಷೇಪಣೆ ಸಲ್ಲಿಸಿದರು. ಪ್ರಶ್ನೆಯಲ್ಲಿ 'ವೃತ್ತಿಪರ ಒಪ್ಪಂದ' ಎಂಬ ಮಾತೇ ಇಲ್ಲದಿರುವಾಗ, 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಕ್ಲಬ್ ಸೇರಿದ ಗೋಲ್‌ಕೀಪರ್ ಅದಿತಿ ಚೌಹಾಣ್ ಅವರನ್ನು ಎಲ್ಲಿಡುತ್ತೀರಿ ಎಂದು ಹನ್ನೆರಡನೆಯವನು ತಕರಾರು ತೆಗೆದ. ಮೂವರು ಆಟಗಾರ್ತಿಯರ ವೃತ್ತಿಜೀವನ ಕೃಪಾಂಕದ ಬಾಗಿಲಿಗೆ ಬಂದು ನಿಂತಿತು.

ತೊಡಕು ಇರುವುದು ನಾಲ್ಕು ಆಯ್ಕೆಗಳ ಒಳಗೆ ಹಿಡಿಸದ ಸಂಗತಿಗಳಲ್ಲಿ. 2021ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮನೌಸ್ ನಗರದಲ್ಲಿ, ಏಳು ವಿಶ್ವಕಪ್ ಆಡಿದ ಫಾರ್ಮಿಗಾ ಅವರ ವಿದಾಯ ಪಂದ್ಯಕ್ಕೆ ಭಾರತದ ತಂಡ ಅತಿಥಿಯಾಗಿ ಹೋಗಿತ್ತು. ಮೊದಲ ನಿಮಿಷದಲ್ಲಿಯೇ ಗೋಲು ಬಿಟ್ಟುಕೊಟ್ಟ ತಂಡದಿಂದ ಎಂಟನೆಯ ನಿಮಿಷಕ್ಕೆ ಮನೀಷಾ ಓಡಿ ಹೋಗಿ ಚೆಂಡನ್ನು ಬಲೆಗೆ ಸೇರಿಸಿದರು. ಬ್ರೆಜಿಲ್ 1, ಭಾರತ 1 ಎಂದು ಕೆಲಕಾಲ ಫಲಕದ ಮೇಲೆ ಉಳಿದದ್ದನ್ನು ಯಾವ ಗೈಡು ಅಚ್ಚುಹಾಕೀತು? ಕೊನೆಗೆ 6-1ರಿಂದ ಸೋತೆವು, ಸೋತ ಪಂದ್ಯದ ಮೇಲೆ ಪ್ರಶ್ನೆ ಬರುವುದಿಲ್ಲ.

ಚಾಂಪಿಯನ್ಸ್ ಲೀಗ್‌ನ ಆ ಒಂದು ಅಂಕದ ದಿನವನ್ನೇ ನೋಡಿ. 2022ರ ಆಗಸ್ಟ್ 18ರಂದು ಸೈಪ್ರಸ್‌ನಲ್ಲಿ, ಲಾಟ್ವಿಯಾದ ಕ್ಲಬ್ ವಿರುದ್ಧ ಆಕೆ ಬದಲಿ ಆಟಗಾರ್ತಿಯಾಗಿ ಅಂಗಳಕ್ಕಿಳಿದಾಗ, ಆಕೆಯ ದೇಶದ ಫುಟ್‌ಬಾಲ್ ಒಕ್ಕೂಟ ಫಿಫಾದಿಂದ ಅಮಾನತುಗೊಂಡು ಇನ್ನೂ ಮೂರು ದಿನವಾಗಿರಲಿಲ್ಲ. ಅವಧಿ ಮುಗಿದರೂ ಒಕ್ಕೂಟದ ಚುನಾವಣೆ ನಡೆಯದೆ, ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿಯನ್ನು ನೇಮಿಸಿ, ಅದನ್ನು ಫಿಫಾ ಮೂರನೆಯವರ ಹಸ್ತಕ್ಷೇಪವೆಂದು ಕರೆದು ಬಾಗಿಲು ಮುಚ್ಚಿತ್ತು. ಮನೀಷಾ ಆಗಷ್ಟೇ ಬಿಟ್ಟುಬಂದಿದ್ದ ಗೋಕುಲಂ ಕೇರಳ ಕ್ಲಬ್‌ನ ಹೆಣ್ಣುಮಕ್ಕಳು ಏಷ್ಯಾದ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್‌ಗೆ ಹೋಗಿ ಇಳಿದು, ಒಂದು ಪಂದ್ಯವನ್ನೂ ಆಡದೆ ಹಿಂದಿರುಗಿದರು. ತಪ್ಪು ಯಾರದೆಂದು ಕೇಳಿದರೆ ನಮ್ಮ ಹುಡುಗರು 'ಮೇಲಿನ ಎಲ್ಲವೂ' ಎಂದು ಗುರುತು ಹಾಕುತ್ತಾರೆ, ಮತ್ತು ಇದರಲ್ಲಿ ಆಕ್ಷೇಪಣೆಗೆ ಆಸ್ಪದವಿಲ್ಲ.

ಇಷ್ಟೆಲ್ಲ ತಿಳಿದ ಮೇಲೆಯೂ ಮಂಡ್ಯ ಜಿಲ್ಲೆಯ ಶಾಲೆಯೊಂದು ಮಹಿಳಾ ಸಾಧಕಿಯರ ರಸಪ್ರಶ್ನೆಗೆ ತೀರ್ಪುಗಾರನಾಗಿ ಕರೆದಾಗ ನಾನು ಸಂತೋಷದಿಂದಲೇ ಹೋದೆ. ಸುತ್ತ ಕಬ್ಬಿನ ಗದ್ದೆ, ನಡುವೆ ವಿಶಾಲವಾದ ಮೈದಾನ, ಮೈದಾನದಲ್ಲಿ ಶಾಮಿಯಾನ. ಬ್ಯಾನರ್ ಕಟ್ಟಲು ಬೇರೆ ಕಂಬ ಹುಡುಕಬೇಕಾಗಿರಲಿಲ್ಲ, ಗೋಲ್‌ಪೋಸ್ಟ್ ಇತ್ತು. ಮನೀಷಾ ಅವರ ಪ್ರಶ್ನೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಜರ್ ಒತ್ತಿ ಸೈಪ್ರಸ್‌ನ ರಾಜಧಾನಿಯನ್ನೂ ಸೇರಿಸಿ ಉತ್ತರ ಕೊಟ್ಟಳು. "ನೀನು ಫುಟ್‌ಬಾಲ್ ಆಡ್ತೀಯೇನವ್ವ?" ಎಂದು ಕೇಳಿದೆ. "ನಮ್ ಸ್ಕೂಲಲ್ಲಿ ಐತೆ ಸಾರ್" ಎಂದಳು.

ಇತ್ತು. ದೈಹಿಕ ಶಿಕ್ಷಕರ ಕೊಠಡಿಯ ಬೀರುವಿನ ಗಾಜಿನ ಹಿಂದೆ, ಕೇರಂ ಬೋರ್ಡಿನ ಮೇಲೆ, ಬಿಳಿ ಬಣ್ಣದಲ್ಲಿ ಸ್ಟಾಕ್ ನಂಬರ್ ಬರೆಸಿಕೊಂಡು ಒಂದು ಚೆಂಡು ಕುಳಿತಿತ್ತು. ಶಿಕ್ಷಕರು ಸಜ್ಜನರು. "ಕೊಟ್ರೆ ಎರಡೇ ದಿನಕ್ಕೆ ಹರಿದಾಕ್ತಾರೆ ಸಾರ್, ಆಡಿಟ್‌ನೋರು ಬಂದಾಗ ನಾನೇನು ತೋರಿಸ್ಲಿ?" ಎಂದು ನನ್ನನ್ನೇ ಕೇಳಿದರು. ಅಲ್ಲದೆ ಆಟದ ಪೀರಿಯಡ್ಡನ್ನು ಗಣಿತದ ಮೇಡಂ ಜೂನ್ ತಿಂಗಳಿನಲ್ಲಿಯೇ ಕಡ ಪಡೆದಿದ್ದರು.

ಬಹುಮಾನವಾಗಿ ಆ ಹುಡುಗಿಗೆ ಸಾಮಾನ್ಯ ಜ್ಞಾನದ ಗೈಡ್ ಸಿಕ್ಕಿತು. ಪತ್ರಿಕೆಗೆ ಕಳಿಸುವ ಫೋಟೋದಲ್ಲಿ ಕ್ರೀಡೆಯ ಕಳೆ ಇರಲೆಂದು ಮುಖ್ಯ ಶಿಕ್ಷಕರು ಹೇಳಿದ್ದರಿಂದ ಬೀಗ ತೆಗೆದು ಚೆಂಡನ್ನು ತಂದು ಅವಳ ಕೈಗಿತ್ತರು. ಗಾಳಿ ಹೋಗಿ ಎಷ್ಟು ವರ್ಷವಾಗಿತ್ತೋ, ಅವಳು ಹಿಡಿದ ಕಡೆಯಲ್ಲೆಲ್ಲ ಅದು ಒಳಕ್ಕೆ ಕುಸಿಯಿತು. ಫೋಟೋದವನು ಕುಸಿದ ಭಾಗವನ್ನು ಅವಳ ಹೊಟ್ಟೆಯ ಕಡೆ ತಿರುಗಿಸಿ, ನಂಬರ್ ಕಾಣುವಂತೆ ಹಿಡಿಯಲು ಹೇಳಿದ.