ಗೋಡೆಯ ತೂತು ಮುಚ್ಚಿಸಿದ ಮೇಲೆ

ಹೋದ ವರ್ಷ ಬೇಲೂರು ಕಡೆಯ ನಮ್ಮ ಹಳೇ ಮಣ್ಣಿನ ಮನೆಗೆ ಸಿಮೆಂಟ್ ಗಾರೆ ಮಾಡಿಸಿದೆವು. ಹಿತ್ತಿಲ ಗೋಡೆಯ ಮೂರು ತೂತುಗಳಲ್ಲಿ ನಸರು ಜೇನು ಇತ್ತು, ಕುಟುಕದ ಪುಟ್ಟ ಜಾತಿ. ಅಂಟಿನಿಂದ ಮಾಡಿದ ಸಣ್ಣ ಕೊಳವೆಯೇ ಬಾಗಿಲು, ಅದರ ಬಾಯಲ್ಲಿ ಕಾವಲು ಕೂತ ನಾಲ್ಕೈದು ಹುಳ. "ಇದಕ್ಕೇನ್ ಮಾಡೋದಣ್ಣ?" ಅಂತ ಗಾರೆಯವರು ಕೇಳಿದರು. ಮುಚ್ಚಿಬಿಡಿ ಅಂದವನು ನಾನೇ. "ಇರ್ಲಿ ಬಿಡ್ಲಾ, ಅವೇನ್ ಕುಟುಕ್ತಾವಾ" ಅಂದಳು ಅವ್ವ. ಕೇಳಲಿಲ್ಲ.

ಈ ಸಲ ಸೌತೆ ಬಳ್ಳಿ ತುಂಬಾ ಹೂ. ಆದರೆ ಹೀಚು ಹಳದಿಯಾಗಿ ಉದುರುತ್ತಿದೆ. ನಿಂತ ಕಾಯಿಯೂ ಒಂದು ತುದಿ ದಪ್ಪ, ಇನ್ನೊಂದು ಸೊಟ್ಟ. ಗೊಬ್ಬರ ಸಾಲದು ಅಂತ ಎರಡು ಸಲ ಹಾಕಿದೆ. ಎಲೆ ಜಾಸ್ತಿ ಆಯಿತು, ಅಷ್ಟೇ. ಜೇನು ಹೋದದ್ದೊಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಅನುಮಾನವಂತೂ ಗಟ್ಟಿಯಾಗಿದೆ.

ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿಗೆ ಇರುವುದು ಒಂದೇ ದಿನ. ಅಷ್ಟರಲ್ಲಿ ಹುಳ ಹಲವು ಸಲ ಬಂದು ಪರಾಗ ಉದುರಿಸಬೇಕು. ಸಾಲದಿದ್ದರೆ ಬೀಜ ಕಟ್ಟದ ಕಡೆ ಕಾಯಿ ಬೆಳೆಯದೆ ಡೊಂಕಾಗುತ್ತದೆ. ನಸರು ಸುಮಾರು 4 ಮಿಲಿಮೀಟರ್ ಹುಳ, ಎಂಥ ಪುಟ್ಟ ಹೂವಿನೊಳಗೂ ನುಗ್ಗುತ್ತದೆ. ಗೂಡು ಬಿಟ್ಟು ಕೆಲವು ನೂರು ಮೀಟರ್ ಆಚೆ ಹೋಗುವುದೇ ಕಮ್ಮಿ. ಅಂದರೆ ನಮ್ಮ ಗೋಡೆಯ ಜೇನು ನಮ್ಮ ಹಿತ್ತಿಲಿಗೇ ದುಡಿಯುತ್ತಿತ್ತು, ಅಲ್ವಾ?

ಸುಮ್ನೆ ಹೊಗಳುವುದೂ ಬೇಡ. ಬದನೆ ಹೂವನ್ನು ಗುಂಯ್ ಅಂತ ನಡುಗಿಸಿದರೇ ಪರಾಗ ಚೆನ್ನಾಗಿ ಉದುರುವುದು. ಅದು ಕರೀ ದುಂಬಿಯಂಥವುಗಳ ಕೆಲಸ, ನಸರಿಗೆ ಬರುವುದಿಲ್ಲ. ಕುಂಬಳದ ಹೂ ನಸುಕಿಗೇ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ನಮ್ಮ ಡಿಸೆಂಬರ್ ಚಳಿಗೆ ನಸರು ಹೊರಗೆ ಬರುವುದೇ ತಡ. ಅಲ್ಲಿ ನಸರಿಗಿಂತ ದೊಡ್ಡದಾದ ತುಡುವೆ ಜೇನು ಇದ್ದರೆ ಒಳ್ಳೆಯದು.

ನನ್ನ ಸಿಟ್ಟು ಬೇರೆ. ಜೇನು ಅಂದ ಕೂಡಲೇ ನಮಗೆ ಕಾಣುವುದು ತುಪ್ಪ. ನಸರು ಗೂಡಲ್ಲಿ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ. ಔಷಧಿ ಅಂತ ಅದಕ್ಕೂ ಮರ ಸೀಳುತ್ತಾರೆ, ಗೋಡೆ ಒಡೆಯುತ್ತಾರೆ. ಒಂದು ಲೋಟ ತುಪ್ಪಕ್ಕೆ ಇಡೀ ಸಂಸಾರ ಹಾಳು. ನಾನೋ, ತುಪ್ಪದ ಆಸೆಗೂ ಅಲ್ಲ, ಗೋಡೆ ನುಣ್ಣಗೆ ಕಾಣಲಿ ಅಂತ ಮುಚ್ಚಿಸಿದವನು.

ಹಳೇ ಹಲಗೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಮಾಡಿಟ್ಟಿದ್ದೇನೆ. ಸುತ್ತಮುತ್ತ ಯಾರಾದರೂ ಮನೆ ಕೆಡವುವವರಿದ್ದರೆ, ಗೋಡೆಯಲ್ಲಿ ನಸರು ಇದ್ದರೆ, ದಯವಿಟ್ಟು ಮುಂಚೆ ಒಂದು ಮಾತು ತಿಳಿಸಿ. ಅಲ್ಲಿವರೆಗೆ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುವ ಕೆಲಸ ನನ್ನದು. ಅವ್ವ ಜಗಲಿ ಮೇಲೆ ಕೂತು ನೋಡಿ ನಗುತ್ತಾಳೆ.