ನಲವತ್ತೊಂದನೆಯ ತೂತು

"ಇವತ್ತು ಏನು ಕೆಲಸ ಮಾಡಿದೆಯಪ್ಪಾ?" ಎಂದು ಅವ್ವ ದಿನವೂ ರಾತ್ರಿ ಮುಧೋಳದಿಂದ ಫೋನ್ ಮಾಡಿ ಕೇಳುತ್ತಾಳೆ. ಲೋಕಾಪುರದ ಹತ್ತಿರದ ಸುಣ್ಣದಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ಅವಳು ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಹೆಣ್ಣು ಕೊಡುವವರು ಹೆದರುತ್ತಾರಂತೆ. ಹೊಸ ಸಾಫ್ಟ್‌ವೇರ್ ಬಂದ ದಿನ ಮಾತ್ರ ನನ್ನ ಬಳಿ ಮರ್ಯಾದೆಯ ಉತ್ತರವಿತ್ತು. "ಸಹನೆ ಎಷ್ಟಿರಬೇಕೆಂದು ಕಂಪ್ಯೂಟರಿಗೆ ಬರೆದುಕೊಟ್ಟೆನವ್ವಾ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಆ ಕೆಲಸವನ್ನು ನಿನಗೆ ಕೊಟ್ಟರೇನು?" ಎಂದಳು.

ಟಾಲರೆನ್ಸ್ ಎಂಬುದಕ್ಕೆ ಸಹನೆ ಎನ್ನುವುದು ಅಷ್ಟು ಸರಿಯಲ್ಲ. ಸಿಡಿಮದ್ದು ತುಂಬಲು ಬಂಡೆಯಲ್ಲಿ ಎಲ್ಲೆಲ್ಲಿ ತೂತು ಕೊರೆಯಬೇಕೆಂದು ನಾವು ಪರದೆಯ ಮೇಲೆ ಚುಕ್ಕೆ ಇಡುತ್ತೇವೆ. ಸಾಲಿನಿಂದ ಸಾಲಿಗೆ 3 ಮೀಟರ್, ಸಾಲಿನೊಳಗೆ ತೂತಿನಿಂದ ತೂತಿಗೆ 3.5 ಮೀಟರ್, ಆಳ 9.5 ಮೀಟರ್. ಕೊರೆದಾದ ಮೇಲೆ ಸರ್ವೇಯರ್ ಜಿಪಿಎಸ್ ಕೋಲು ಹಿಡಿದು ಹೋಗಿ ತೂತುಗಳು ನಿಜವಾಗಿ ಎಲ್ಲೆಲ್ಲಿ ಬಿದ್ದಿವೆ ಎಂದು ಅಳೆದು ತರುತ್ತಾನೆ. ಇಟ್ಟ ಚುಕ್ಕೆಗೂ ಬಿದ್ದ ತೂತಿಗೂ ಇರುವ ಅಂತರ ನಾವು ಕೊಟ್ಟ ಟಾಲರೆನ್ಸ್ ಒಳಗಿದ್ದರೆ ಸಾಫ್ಟ್‌ವೇರ್ ಹಸಿರು ತೋರಿಸುತ್ತದೆ, ಮೀರಿದರೆ ಕೆಂಪು. ಅಂತರವನ್ನು ಮೀಟರಿನಲ್ಲಿ ಬರೆಯಬೇಕು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನಾನು 0.02 ಎಂದು ಬರೆದೆ. ಅಂದರೆ 2 ಸೆಂಟಿಮೀಟರ್. ಶಿಸ್ತು ಎಂದರೆ ಏನೆಂದು ಗಣಿಗೆ ಒಮ್ಮೆ ಗೊತ್ತಾಗಲಿ ಎಂಬ ಉಮೇದು. 64 ತೂತುಗಳಲ್ಲಿ 62 ಕೆಂಪಾದವು. ಪರದೆಗೆ ದಡಾರ ಎದ್ದಂತೆ ಕಾಣುತ್ತಿತ್ತು. ಉಳಿದ ಎರಡು ಹೇಗೆ ಹಸಿರಾದವೆಂದು ಕೊರೆದವರಿಗೂ ತಿಳಿಯಲಿಲ್ಲ.

ಕೊರೆದವರು ನಮ್ಮ ಹಿರಿಯ ಡ್ರಿಲ್ಲರ್. ಗಣಿಯಲ್ಲಿ ಎಲ್ಲರಿಗೂ ಕಾಕಾ. ಕರೆಸಿ, ಸ್ವಲ್ಪ ಗಂಭೀರವಾಗಿಯೇ ಪರದೆ ತೋರಿಸಿದೆ. ಕಾಕಾ ನೋಡಿದರು, ಹೊರಗೆ ಹೋದರು, ಕೊರೆಯುವ ಯಂತ್ರದ ತುದಿಗೆ ಹಾಕುವ ಹಳೆಯ ಬಿಟ್ ಒಂದನ್ನು ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು.

"ಇದರ ಅಗಲ ಎಷ್ಟು ಸಾಹೇಬರೇ?"

"115 ಮಿಲಿಮೀಟರ್."

"ತೂತೇ ಹನ್ನೊಂದೂವರೆ ಸೆಂಟಿಮೀಟರ್ ಅಗಲ. ನೀವು ಗುರುತಿಗೆ ಹಾಕಿಸುವ ಸುಣ್ಣ ಒಂದು ಅಂಗೈ ಅಗಲ. ಅದರಲ್ಲಿ ಎರಡು ಸೆಂಟಿಮೀಟರ್ ಎಲ್ಲಿ ಹುಡುಕಲಿ?"

ಸರ್ವೇಯರ್ ಬಾಗಿಲಲ್ಲಿ ನಿಂತಿದ್ದವನು ತನ್ನ ಪಾಲನ್ನೂ ಸೇರಿಸಿದ: ಕೋಲು ತುಸು ವಾಲಿದರೆ ಅವನ ಅಳತೆಯೇ ಅಷ್ಟು ಆಚೀಚೆ ಆಗುತ್ತದೆ. ಅಲ್ಲಿಗೆ ನನ್ನ ಶಿಸ್ತು ಮುಗಿಯಿತು. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ. ಆ ತೂತು ಎರಡು ಸೆಂಟಿಮೀಟರಿನೊಳಗೆ ಬೀಳಬೇಕೆಂದು ಹಟ ಹಿಡಿದವನು ನಾನೊಬ್ಬನೇ ಇರಬೇಕು.

ಮುಂದಿನ ಬ್ಲಾಸ್ಟಿಂಗ್ ಹೊತ್ತಿಗೆ ಬುದ್ಧಿ ಬಂದಿತ್ತು. 0.3 ಇರಲಿ ಎಂದುಕೊಂಡೆ. ಬುದ್ಧಿ ಬಂದಿತ್ತು, ಚುಕ್ಕೆ ಬರಲಿಲ್ಲ. ಕೀಬೋರ್ಡಿನ ಆ ಕೀಲಿಯ ಮೇಲೆ ಬೆರಳು ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ, ಆದರೆ ನಮ್ಮ ಕಚೇರಿಯ ಕೀಬೋರ್ಡಿನೊಳಗೆ ಅರ್ಧ ಗಣಿಯ ಧೂಳಿದೆ. ಪೆಟ್ಟಿಗೆಯಲ್ಲಿ ನಿಂತದ್ದು ಬರೀ 3. ಮೂರು ಮೀಟರ್! ಅಷ್ಟು ಅಂತರದಲ್ಲಿ ಮಲಗಿದ ಎಮ್ಮೆಯೂ ನಮ್ಮ ವಿನ್ಯಾಸದಂತೆಯೇ ಮಲಗಿದೆ ಎಂದು ಆ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು.

ಪರದೆ ಮುಂಗಾರಿನ ಹೆಸರು ಹೊಲದಂತೆ ಹಸಿರಾಯಿತು. 64ಕ್ಕೆ 64. ನಾನು ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಮೇಲಿನವರಿಂದ ಹೆಬ್ಬೆರಳು ಬಂತು. 64 ತೂತುಗಳ ಲೆಕ್ಕದಲ್ಲಿ ಮದ್ದು ತರಿಸಿದೆ. ತೂತಿಗೆ ಹೆಚ್ಚುಕಡಿಮೆ 54 ಕೆಜಿ. ಬಿಸಿಲು ಏರುವ ಹೊತ್ತಿಗೆ ಮದ್ದು ತುಂಬುವ ಹುಡುಗರು ಒಂದೊಂದೇ ಮುಗಿಸುತ್ತ ನಲವತ್ತರ ತನಕ ಬಂದು ನಿಂತರು. ನಲವತ್ತೊಂದು ಇರಲಿಲ್ಲ.

ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. "ಇದೆ, ನೋಡಿ, ಹಸಿರು ಇದೆ" ಎಂದೆ. ಹುಡುಗರು ಕಾಲಿನಿಂದ ಪುಡಿ ಸರಿಸಿ ಹುಡುಕಿದರು. ಒಬ್ಬ ಬಗ್ಗಿ ಕರೆದೂ ನೋಡಿದ. ಕೊನೆಗೆ ಕಾಕಾ ಬಂದರು.

"ಅದನ್ನು ನಾನು ಕೊರೆದೇ ಇಲ್ಲ ಸಾಹೇಬರೇ. ಅಲ್ಲಿ ಮಣ್ಣು ತುಂಬಿದ ಬಿರುಕಿದೆ, ರಾಡ್ ಹಿಡಿದುಕೊಳ್ಳುತ್ತದೆ. ನಿನ್ನೆಯೇ ಹೇಳಿದೆ. ನೀವು ಫೋಟೊ ಕಳಿಸುತ್ತಿದ್ದಿರಿ."

ಕಲಾದಗಿ ಎಂದರೆ ಬಾಗಲಕೋಟೆಯ ಜನಕ್ಕೆ ಚಿಕ್ಕು, ದಾಳಿಂಬೆ. ಭೂವಿಜ್ಞಾನಿಗಳಿಗೆ ಅದು ಈ ಭಾಗದ ಪುರಾತನ ಶಿಲಾಸ್ತರಗಳ ಹೆಸರು. ನಮ್ಮ ಸುಣ್ಣದಕಲ್ಲು ಆ ಕುಟುಂಬದ್ದೇ. ಮೇಲೆ ನೋಡಿದರೆ ಒಂದೇ ಬಂಡೆ, ಒಳಗೆ ಎಲ್ಲಿ ಮಣ್ಣಿದೆಯೋ ಯಂತ್ರ ಇಳಿದಾಗಲೇ ತಿಳಿಯುವುದು. ಕಾಕಾ ಅದನ್ನು ರಾಡಿನ ಸದ್ದಿನಿಂದಲೇ ಹೇಳುತ್ತಾರೆ. ಪರದೆಗೆ ಕಿವಿಯಿಲ್ಲ. ಪಕ್ಕದ ನಲವತ್ತೆರಡನೆಯ ತೂತು 60 ಸೆಂಟಿಮೀಟರ್ ಈಚೆಗೆ ಸರಿದು ಬಿದ್ದಿತ್ತು. ಮೂರೂವರೆಯಲ್ಲಿ ಅಷ್ಟನ್ನು ಕಳೆಯಿರಿ: 2.9 ಮೀಟರ್. ಮೂರರೊಳಗೆ ಬಂತಲ್ಲ! ಒಂದೇ ತೂತನ್ನು ಎರಡು ಚುಕ್ಕೆಗಳಿಗೂ ಲೆಕ್ಕ ಹಾಕಿ ಸಾಫ್ಟ್‌ವೇರ್ ಇಬ್ಬರಿಗೂ ಹಸಿರು ಕೊಟ್ಟಿತ್ತು.

ವಿನ್ಯಾಸವನ್ನು 63ಕ್ಕೆ ತಿದ್ದಿ, ಸ್ಫೋಟದ ಸರದಿಯನ್ನು ಮತ್ತೆ ಕೂಡಿಸಿ, ಬ್ಲಾಸ್ಟಿಂಗ್ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಉಳಿದ ಮದ್ದು ಮದ್ದಿನ ಮನೆಗೆ ವಾಪಸಾಯಿತು. ರಿಜಿಸ್ಟರಿನಲ್ಲಿ ಕಾರಣ ಎಂಬ ಅಂಕಣದ ಮುಂದೆ ಬಹಳ ಹೊತ್ತು ಕೂತೆ. "ಚುಕ್ಕೆ" ಎಂದು ಬರೆಯುವಂತಿರಲಿಲ್ಲ.

ಆ ಸಂಜೆ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸಂಖ್ಯೆಗಳನ್ನು ತುಂಬಿದೆ. ತೂತಿನ ಬಾಯಿಗೆ 0.3. ಅಂಚಿನ ಕಡೆಯ ಮೊದಲ ಸಾಲಿಗೆ ಅದಕ್ಕಿಂತ ಬಿಗಿ. ಅಲ್ಲಿ ತೂತು ಬಂಡೆಯ ಅಂಚಿಗೆ ಹತ್ತಿರವಾದರೆ ಕಲ್ಲು ಸಿಡಿದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ತೂತು ವಾಲುವುದರಲ್ಲೂ ಧಾರಾಳ ಬೇಡವೆಂದರು: ಒಂದು ಡಿಗ್ರಿ ವಾಲಿದರೂ ತಳದಲ್ಲಿ ಹದಿನಾರು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ಆಳಕ್ಕೆ ಹೆಚ್ಚೂಕಡಿಮೆ ಎರಡಕ್ಕೂ ಒಂದೇ ಸಂಖ್ಯೆ ಬರೆಯಹೊರಟಾಗ ಕೈ ಹಿಡಿದರು. "ಹೆಚ್ಚಾದರೆ ಪುಡಿ ಸುರಿದು ಮುಚ್ಚಬಹುದು. ಕಡಿಮೆಯಾದರೆ ಯಂತ್ರವನ್ನು ಮತ್ತೆ ನಾನೇ ಎಳೆದು ತರಬೇಕು." ಚುಕ್ಕೆ ಬಿದ್ದಿದೆಯೇ ಎಂದು ಕನ್ನಡಕ ಏರಿಸಿ ತಾವೇ ನೋಡಿದರು. ಮರುದಿನ ಮೂರು ಕೆಂಪು ಬಂದವು. ಎರಡಕ್ಕೆ ಕಾರಣ ಹೇಳಿದರು. ಮೂರನೆಯದಕ್ಕೆ, "ಅಳಿಯನ ಫೋನ್ ಬಂದಿತ್ತು" ಎಂದರು.

ಅಂದಿನಿಂದ ಗಣಿಯಲ್ಲಿ ಇಲ್ಲದವನಿಗೆ ನಲವತ್ತೊಂದು ಎಂದು ಹೆಸರು. "ಚಹಾಕ್ಕೆ ಎಲ್ಲರೂ ಬಂದರೇ?" "ಇಬ್ಬರು ನಲವತ್ತೊಂದು."

ಕಳೆದ ತಿಂಗಳು ಮೊಬೈಲಿನಲ್ಲೇ ಹಾಜರಿ ಶುರುವಾಯಿತು. ಗಣಿಯ ಸುತ್ತ ಇಂತಿಷ್ಟು ದೂರದೊಳಗೆ ಬಂದರೆ ಸಾಕು, ತಾನೇ ಬೀಳುತ್ತದೆ. ನಾನು ರಜೆ ಹಾಕಿ ಮುಧೋಳದಲ್ಲಿ ಅವ್ವನ ಎದುರು ಕೂತು ರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಿದ್ದೆ. ಕಾಕಾನ ಫೋನ್ ಬಂತು.

"ಸಾಹೇಬರೇ, ಎಲ್ಲಿದ್ದೀರಿ?"

"ಮನೆಯಲ್ಲಿ, ಕಾಕಾ. ರಜೆ."

"ಇಲ್ಲಿ ನೀವು ಹಸಿರಿದ್ದೀರಿ" ಎಂದರು ಕಾಕಾ. "ಈ ಸಲ ಕೀಬೋರ್ಡ್ ಯಾರದು?"