ದಣಪೆ ದಾಟುವ ಪ್ಯಾಂಟು

ಪ್ಯಾಂಟು ಕೊಳ್ಳಲು ಹೋದವರು ಸೊಂಟದ ಅಳತೆ ಹೇಳುತ್ತಾರೆ. ಅಂಗಡಿಯವರೂ ಅದನ್ನೇ ಕೇಳುತ್ತಾರೆ. ಆದರೆ ಶಿರಸಿ ಕಡೆ ಪ್ಯಾಂಟಿನ ಹಣೆಬರಹ ನಿರ್ಧಾರವಾಗುವುದು ಮೊಣಕಾಲಿನ ಕೆಳಗೆ. ಸೊಂಟ ಹೆಚ್ಚುಕಮ್ಮಿಯಾದರೆ ಬೆಲ್ಟ್ ಇದೆ. ಕೆಳಗಿನ ಒಂದೂವರೆ ಅಡಿ ಬಟ್ಟೆಗೆ ದಿಕ್ಕೇ ಇಲ್ಲ. ಕೆಸರು, ರಕ್ತ ಹೀರುವ ಉಂಬಳ, ಉತ್ತರಾಣಿ ಬೀಜ, ನಾಚಿಕೆಮುಳ್ಳು, ಸ್ಕೂಟರಿನ ಸೈಲೆನ್ಸರ್, ಪಕ್ಕದ ಮನೆಯ ನಾಯಿ, ಎಲ್ಲವೂ ಅಲ್ಲಿಗೇ ಬರುತ್ತವೆ.

ನಾನು ಕೆಲಸ ಮಾಡುವುದು ಒಂದು ಸಹಕಾರಿ ಸೊಸೈಟಿಯಲ್ಲಿ. ಬೆಳಿಗ್ಗೆ ಕೌಂಟರಿನ ಹಿಂದೆ ಕುಳಿತು ಪಾಸ್‌ಬುಕ್ ತುಂಬುತ್ತೇನೆ. ಮಧ್ಯಾಹ್ನ ಯಾರದೋ ತೋಟದಲ್ಲಿ ನಿಂತು ಕೊಳೆರೋಗ ಬಂದು ಉದುರಿದ ಅಡಿಕೆ ನೋಡುತ್ತಿರುತ್ತೇನೆ. ಆಗಾಗ ಸಭೆ ಅಂತ ಘಟ್ಟ ಇಳಿದು ಕಾರವಾರಕ್ಕೂ ಹೋಗಬೇಕು. ಆಫೀಸಿಗೊಂದು, ಹೊರಗೆ ಓಡಾಡಲು ಇನ್ನೊಂದು ಪ್ಯಾಂಟು ಇಟ್ಟುಕೊಳ್ಳಿ ಎಂದು ಸಲಹೆ ಕೊಡುವವರೆಲ್ಲ ಬೆಂಗಳೂರಿನವರು. ಅವರಿಗೆ ಹೊರಗೆ ಅಂದರೆ ಭಾನುವಾರ. ನಮಗೆ ಹೊರಗೆ ಅನ್ನುವುದು ಅಂಗಳ ಇಳಿದ ಕೂಡಲೇ ಶುರು.

ನಮ್ಮ ಆಯಿಗೆ ಈ ಸಮಸ್ಯೆಯೇ ಅರ್ಥವಾಗುವುದಿಲ್ಲ. "ತ್ವಾಟಕ್ಕೆ ಹೋಪಲೆ ಪ್ಯಾಂಟು ಎಂತಕ್ಕಾ? ಪಂಜಿ ಇದ್ದಲಾ" ಎನ್ನುತ್ತಾಳೆ. ನಿಜ, ಪಂಚೆಯಷ್ಟು ಒಳ್ಳೆಯ ಉಡುಪನ್ನು ಯಾವ ಟ್ರೆಕ್ಕಿಂಗ್ ಕಂಪನಿಯೂ ಇನ್ನೂ ಮಾಡಿಲ್ಲ. ಎತ್ತಿ ಕಟ್ಟಿದರೆ ಚಡ್ಡಿ, ಇಳಿಬಿಟ್ಟರೆ ಮರ್ಯಾದೆ. ಒದ್ದೆಯಾದರೆ ಹಿಂಡಿ ಹರವಿದರಾಯಿತು. ಮದುವೆ ಸೀಸನ್ ಮುಗಿದು ಹೊಟ್ಟೆ ಬಂದರೂ ಅದು ತಕರಾರು ಮಾಡುವುದಿಲ್ಲ. ತೊಂದರೆ ಒಂದೇ. ಗಾಳಿಮಳೆಯಲ್ಲಿ ಪಂಚೆ ಉಟ್ಟು ಸ್ಕೂಟರ್ ಓಡಿಸಿದವನನ್ನು ಮರುದಿನ ಕೌಂಟರಿನಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಪ್ಯಾಂಟೇ ಗತಿ. ಯಾವ ಪ್ಯಾಂಟು ಅನ್ನುವುದು ಪ್ರಶ್ನೆ.

ಮೊದಲು ಸ್ಲಿಮ್ ಫಿಟ್ ಫಾರ್ಮಲ್ ವಿಷಯ ಮುಗಿಸಿಬಿಡುತ್ತೇನೆ. ಶೋರೂಮಿನ ಕನ್ನಡಿಯಲ್ಲಿ ಅದು ಚೆಂದ ಕಾಣುತ್ತದೆ. ಕನ್ನಡಿ ಮುಂದೆ ಯಾರೂ ಕಾಲು ಎತ್ತುವುದಿಲ್ಲವಲ್ಲ. ನಮ್ಮಲ್ಲಿ ತೋಟಕ್ಕೆ ಇಳಿಯುವ ಕಡೆ ದನ ನುಗ್ಗಬಾರದು ಅಂತ ದಣಪೆ ಇರುತ್ತದೆ. ಎರಡು ಕಂಬ, ಅಡ್ಡಕ್ಕೆ ಬಿದಿರಿನ ಗಳ. ಮೇಲಿನ ಗಳ ಸರಿಸಿ ಕೆಳಗಿನದನ್ನು ದಾಟುವುದು ರೂಢಿ. ಬೆಳೆಸಾಲ ಕೇಳಿದ ಸದಸ್ಯರೊಬ್ಬರ ತೋಟ ನೋಡಲು ಹೋಗಿದ್ದೆ. ಯಜಮಾನರು ಪಂಚೆ ಎತ್ತಿ ಕಟ್ಟಿ ಒಂದೇ ಹೆಜ್ಜೆಗೆ ದಾಟಿದರು. ನಾನು ಫೈಲು ಹಿಡಿದುಕೊಂಡು ಬಲಗಾಲು ಎತ್ತಿದೆ. ಪರ್ರ್ ಅಂತ ಸದ್ದು ಬಂತು.

ಯಜಮಾನರು ತಿರುಗಿ ನೋಡದೆಯೇ, "ಅಡಿಕೆ ಹಾಳೆ ಬಿತ್ತು ಕಾಣ್ತು" ಎಂದರು.

ನಾನು ಹೌದು ಎಂದೆ.

ಅಲ್ಲಿಂದ ಮುಂದೆ ಇಡೀ ತೋಟವನ್ನು ಅವರ ಬೆನ್ನ ಹಿಂದೆಯೇ ನೋಡಿದೆ. ಅವರು ನಿಂತರೆ ನಾನು ಮರಕ್ಕೆ ಒರಗಿ ನಿಂತೆ. ಕಾಳುಮೆಣಸಿನ ಬಳ್ಳಿ ನೋಡಿ ಅಂತ ನನ್ನನ್ನು ಮುಂದೆ ಬಿಟ್ಟಾಗ ಫೈಲು ಹಿಂಭಾಗಕ್ಕೆ ಹೋಯಿತು. ಅವರ ಪಹಣಿ, ಸಾಲದ ಅರ್ಜಿ, ಜಾಮೀನುದಾರರ ಸಹಿ, ಎಲ್ಲವೂ ಸೇರಿ ಆ ದಿನ ನನ್ನ ಮಾನ ಕಾಪಾಡಿದವು. ಅವರ ಮನೆಗೆ ಬಂದು ಜಗಲಿಯಲ್ಲಿ ಕುಳಿತವನು ಏಳಲೇ ಇಲ್ಲ. ಚಹಾ ಆಯಿತು, ಎಲೆಯಡಿಕೆಯ ಕವಳ ಆಯಿತು, ಮಳೆ ಬೆಳೆ ಮಾತಾಯಿತು, ಮತ್ತೆ ಕವಳ ಆಯಿತು. ಕೊನೆಗೆ ಯಜಮಾನರ ಹೆಂಡತಿ ಒಳಗಿಂದ ಮಡಚಿದ ಪಂಚೆಯೊಂದನ್ನು ತಂದು ನನ್ನ ಪಕ್ಕದಲ್ಲಿಟ್ಟು, ಏನೂ ಹೇಳದೆ ಒಳಗೆ ಹೋದರು. ಆ ಸಾಲ ಎಷ್ಟು ಬೇಗ ಮಂಜೂರಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಆಡಿಟ್‌ನವರೂ ಓದುತ್ತಾರೆ.

ಗಟ್ಟಿ ಬೇಕಾದರೆ ಜೀನ್ಸ್ ಹಾಕಿ ಎನ್ನುವವರಿದ್ದಾರೆ. ಗಟ್ಟಿ ಹೌದು. ಜೇಕಬ್ ಡೇವಿಸ್ ಎಂಬ ಟೈಲರ್ ಮತ್ತು ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದೇ ಜೇಬಿನ ಮೂಲೆ ಹರಿಯದಂತೆ ತಾಮ್ರದ ರಿವೆಟ್ ಹೊಡೆಯುವುದಕ್ಕೆ. ಆದರೆ ಅವರಿಬ್ಬರೂ ಜುಲೈನಲ್ಲಿ ಶಿರಸಿಗೆ ಬಂದವರಲ್ಲ. ಘಟ್ಟದ ಅಂಚಿನ ಊರುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹತ್ತಿ ಬಟ್ಟೆ ಸುಮ್ನೆ ಗಾಳಿಯಲ್ಲಿ ಇಟ್ಟರೂ ತನ್ನ ತೂಕದ ಶೇಕಡಾ 8ರಷ್ಟು ತೇವ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಎಳೆದುಕೊಳ್ಳುವುದಿಲ್ಲ. ಮಳೆಗಾಲದ ಜೀನ್ಸ್ ಒಣಗಬೇಕಾದರೆ ಬಚ್ಚಲ ಒಲೆಯ ಮೇಲಿನ ಗಳಕ್ಕೇ ಏರಬೇಕು. ಅಲ್ಲಿ ಒಣಗಿ ಬಂದ ಜೀನ್ಸ್ ತೊಟ್ಟು ಹೋದ ದಿನ, ಕೌಂಟರಿನ ಆಚೆ ನಿಂತವರು ಮೂಗೆಳೆದು, "ಆಲೆಮನೆಗೆ ಹೋಗಿದ್ರಾ?" ಎಂದು ಕೇಳುತ್ತಾರೆ. ಆಷಾಢದಲ್ಲಿ ಎಲ್ಲಿಯ ಆಲೆಮನೆ!

ನೈಲಾನ್ ಟ್ರೆಕ್ಕಿಂಗ್ ಪ್ಯಾಂಟು ಬೇಗ ಒಣಗುತ್ತದೆ, ಹಗುರ. ಆದರೆ ಸದ್ದು ಮಾಡುತ್ತದೆ. ನಡೆದಲ್ಲೆಲ್ಲ ಸರಕ್ ಸರಕ್. ಐದು ನಿಮಿಷ ಮೊದಲು ಮನೆಗೆ ಹೊರಟರೆ ಇಡೀ ಆಫೀಸಿಗೆ ತಿಳಿಯುತ್ತದೆ. ಅದಕ್ಕೂ ದೊಡ್ಡ ಕಷ್ಟ ಅದೇ ಬಚ್ಚಲ ಒಲೆ. ಕಿಡಿ ಹಾರಿದರೆ ಹತ್ತಿ ಬಟ್ಟೆ ಸುಟ್ಟು ಕಪ್ಪಾಗುತ್ತದೆ, ನೈಲಾನ್ ಕರಗಿ ತೂತಾಗುತ್ತದೆ. ತೂತಿನ ಅಂಚು ಗಟ್ಟಿಯಾಗಿ, ಕುಳಿತಾಗಲೆಲ್ಲ ಮೊಣಕಾಲು ಗೀರುತ್ತದೆ.

ಮೊಣಕಾಲಿಗೆ ಝಿಪ್ ಇರುವ ಜಾತಿಯೂ ಒಂದಿದೆ. ಝಿಪ್ ಬಿಚ್ಚಿದರೆ ಪ್ಯಾಂಟು ಚಡ್ಡಿಯಾಗುತ್ತದೆ. ಹೆಂಡತಿಯ ಅಣ್ಣ ಬೆಂಗಳೂರಿನಿಂದ ಅದನ್ನು ತೊಟ್ಟು ಬಂದಿದ್ದ. ಯಾಣ ನೋಡಿ, ವಿಭೂತಿ ಜಲಪಾತಕ್ಕೆ ಹೋದೆವು. ಭಾವ ಎರಡೂ ಕಾಲು ಬಿಚ್ಚಿ ಬಂಡೆಯ ಮೇಲಿಟ್ಟು ನೀರಿಗಿಳಿದ. ಮೇಲೆ ಬರುವಷ್ಟರಲ್ಲಿ ಬಂಡೆಯ ಮೇಲೆ ಒಂದೇ ಕಾಲು ಇತ್ತು. ಇನ್ನೊಂದು ಹೊಳೆ ಹಿಡಿದು ಹೋಗಿತ್ತು. ಉಳಿದದ್ದನ್ನೂ ಹಾಕಿಕೊಳ್ಳಬೇಡ, ಚಡ್ಡಿಯಲ್ಲೇ ಬಾ ಎಂದರೆ ಕೇಳಲಿಲ್ಲ. ದುಡ್ಡು ಕೊಟ್ಟಿದ್ದೇನೆ ಎಂದ. ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಫುಲ್, ಒಂದು ಹಾಫ್ ಕೊಡ್ಲಾ?" ಎಂದು ಕೇಳಿದ.

ಜೇಬಿನ ಬಗ್ಗೆಯೂ ಎಚ್ಚರ ಬೇಕು. ಕಾರ್ಗೋ ಪ್ಯಾಂಟಿನ ದೊಡ್ಡ ಜೇಬು ಕಂಡರೆ ನಮ್ಮ ಜನ ಸುಮ್ಮನಿರುವುದಿಲ್ಲ. ತೋಟ ನೋಡಲು ಹೋದಲ್ಲೆಲ್ಲ ಏನಾದರೂ ತುಂಬುತ್ತಾರೆ. ಲಿಂಬೆಹಣ್ಣು, ಜಾಯಿಕಾಯಿ, ಒಂದು ಹಿಡಿ ಯಾಲಕ್ಕಿ. ಬೇಡ ಅಂದರೆ ಬೇಜಾರು. ಒಮ್ಮೆ ಒಬ್ಬರು ತಮ್ಮ ಹೊಳೆದಂಡೆಯ ಮರದ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವು ಹಾಕಿಕೊಟ್ಟರು. ಅಪ್ಪೆಮಿಡಿಯ ಘಮ ಇರುವುದೇ ಸೊನೆಯಲ್ಲಿ. ಆ ಸೊನೆ ಜೇಬು ದಾಟಿ, ಬಟ್ಟೆ ದಾಟಿ, ತೊಡೆಯ ಚರ್ಮಕ್ಕೆ ತಲುಪಿ ಉರಿಯತೊಡಗಿತು. ಕಲೆ ಹೋಗಲಿಲ್ಲ, ಪರಿಮಳವೂ ಹೋಗಲಿಲ್ಲ. ಆ ಪ್ಯಾಂಟು ತೊಟ್ಟ ದಿನ ಆಫೀಸಿನಲ್ಲಿ ಎಲ್ಲರಿಗೂ ಹನ್ನೊಂದು ಗಂಟೆಗೇ ಹಸಿವು.

ಇನ್ನು ಬಣ್ಣ. ಇದರಲ್ಲಿ ಅರ್ಧ ಆಯುಷ್ಯ ಹೋಯಿತು ಅನ್ನಿ. ಕಪ್ಪು ಪ್ಯಾಂಟಿನ ಮೇಲೆ ಬೇಸಿಗೆಯ ಕೆಮ್ಮಣ್ಣು ಎದ್ದು ಕಾಣುತ್ತದೆ. ತಿಳಿ ಬಣ್ಣದ ಮೇಲೆ ಬಾಳೆಯ ಕಲೆ, ಅಡಿಕೆ ಚೊಗರು. ಜೂನ್ ಹೊತ್ತಿಗೆ ಕೊಳೆ ಔಷಧಿಯ ಕಾಲ. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಮರ ಹತ್ತುವ ಕೊನೆಗೌಡ ಮೇಲಿಂದ ಸಿಂಪಡಿಸುವಾಗ ಕೆಳಗೆ ನಿಂತು ಲೆಕ್ಕ ಬರೆಯುವವನ ಪ್ಯಾಂಟು ನೀಲಿ ಚುಕ್ಕೆಯದಾಗುತ್ತದೆ.

ಖಾಕಿ ಬಣ್ಣ ನ್ಯಾಯವಾಗಿ ನಮ್ಮ ಕರಾವಳಿಯದ್ದೇ ಎನ್ನುವ ವಾದವಿದೆ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಈ ಬಣ್ಣ ತಯಾರಿಸಿದರು ಎಂದು ಅಲ್ಲಿಯವರು ಹೇಳುತ್ತಾರೆ. ಪೇಶಾವರದಲ್ಲಿ ಸೈನಿಕರಿಗೆ ಅದಕ್ಕೂ ಮೊದಲೇ ತೊಡಿಸಿದ್ದರು ಎನ್ನುವವರೂ ಇದ್ದಾರೆ. ಯಾರದೇ ಆಗಲಿ, ಕೆಸರಿಗೆ ಹೇಳಿ ಮಾಡಿಸಿದ ಬಣ್ಣ. ಆದರೆ ಉತ್ತರ ಕನ್ನಡದಲ್ಲಿ ಖಾಕಿ ಪ್ಯಾಂಟು ತೊಟ್ಟು ಯಾರ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಕಡೆಗೂ ಹೋಗಬಾರದು. ನಾನು ಹೋದೆ. ದೂರದಿಂದಲೇ ಯಾರೋ ಕೂಗಿದರು, ನಾಯಿ ಬೊಗಳಿತು, ಮನೆಯಲ್ಲಿ ಗಂಡಸರು ಯಾರೂ ಇಲ್ಲ ಎಂಬ ಉತ್ತರ ಬಂತು. ಅಂಗಳದ ಮೂಲೆಯಲ್ಲಿ ಸೌದೆ ರಾಶಿಗೆ ತಾಡಪಾಲು ಆಗಷ್ಟೇ ಬಿದ್ದಿತ್ತು. ನಾನು ಫಾರೆಸ್ಟಿನವನಲ್ಲ, ಸೊಸೈಟಿಯವನು ಎಂದು ಕೂಗಿ ಹೇಳಿದೆ. ಸಾಲದ ಕಂತು ಬಾಕಿ ಇತ್ತಂತೆ. ಆಮೇಲೂ ಯಾರೂ ಹೊರಗೆ ಬರಲಿಲ್ಲ.

ಕೆನೆ ಬಣ್ಣದ್ದು ಮಾತ್ರ ನನ್ನನ್ನು ಜಿಲ್ಲಾ ಮಟ್ಟಕ್ಕೆ ಒಯ್ದಿತು. ಬೆಳಿಗ್ಗೆ ಮನೆಯ ತೋಟದ ಹಾದಿಯಲ್ಲಿ ನಡೆದು ರಸ್ತೆಗೆ ಬಂದು, ಬಸ್ ಹಿಡಿದು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದ ಸಭೆಗೆ ಹೋದೆ. ಎಸಿ ಹಾಕಿದ ಕೋಣೆ, ಎದುರಿಗೆ ಅಧಿಕಾರಿಗಳು. ವಸೂಲಾತಿ ಶೇಕಡಾವಾರು ಓದಲು ಎದ್ದು ನಿಂತಾಗ ಪಕ್ಕದವರು, "ನಿಮಗೆ ಏಟಾಗಿದೆಯಾ?" ಎಂದು ಮೆಲ್ಲಗೆ ಕೇಳಿದರು. ನೋಡಿದರೆ ಎಡಗಾಲಿನ ಮೀನಖಂಡದಿಂದ ಪಾದದವರೆಗೆ ಕೆಂಪು. ಉಂಬಳ ಕಚ್ಚಿದರೆ ನೋವಾಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಅದು ಹೊಟ್ಟೆ ತುಂಬಿ ಬಿದ್ದುಹೋದ ಮೇಲೂ ಗಾಯ ತುಂಬ ಹೊತ್ತು ಒಸರುತ್ತದೆ. ಘಟ್ಟದ ಮೇಲಿನವರಿಗೆ ಇದು ದಿನನಿತ್ಯದ್ದು. ಆ ಕೋಣೆಯಲ್ಲಿ ಫಸ್ಟ್ ಏಡ್ ಪೆಟ್ಟಿಗೆ ಬಂತು, ಕುರ್ಚಿ ಬಂತು, ಆಸ್ಪತ್ರೆಗೆ ಕರೆದೊಯ್ಯಲು ಡ್ರೈವರ್ ಬಂದ.

ಉಂಬಳ ಎಲ್ಲಿ ಹೋಯಿತು ಎಂದು ನಾನೊಬ್ಬನೇ ಯೋಚಿಸುತ್ತಿದ್ದೆ. ಅದು ಮೇಜಿನ ಕೆಳಗೆ, ಹೊಟ್ಟೆ ಊದಿಸಿಕೊಂಡು, ನಿಧಾನಕ್ಕೆ ದೊಡ್ಡ ಸಾಹೇಬರ ಶೂ ಕಡೆಗೆ ಹೊರಟಿತ್ತು. ಊಟದ ಪೊಟ್ಟಣದ ಜೊತೆ ಬಂದಿದ್ದ ಉಪ್ಪನ್ನು ಒಡೆದು ಸುರಿದೆ. ಸಭೆ ಅಲ್ಲಿಗೇ ಮುಗಿಯಿತು. ನಮ್ಮ ಸೊಸೈಟಿಯ ವಸೂಲಾತಿ ಬಗ್ಗೆ ಆ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ಕೆನೆ ಬಣ್ಣದ ಪ್ಯಾಂಟಿನಿಂದ ಆದ ಲಾಭ ಅದೊಂದೇ.

ಇಷ್ಟಾದ ಮೇಲೆ ಶಿರಸಿಯ ಹಳೇ ಟೈಲರ್ ಒಬ್ಬರ ಅಂಗಡಿಗೆ ಹೋದೆ. ರೆಡಿಮೇಡ್ ಬಂದ ಮೇಲೆ ಅವರಿಗೆ ಝಿಪ್ ಬದಲಿಸುವುದು, ಉದ್ದ ಕತ್ತರಿಸುವುದು, ಇಂಥ ಆಲ್ಟರ್ ಕೆಲಸವೇ ಜಾಸ್ತಿ. ಕೊರಳಿಗೆ ಟೇಪು ಹಾಕಿಕೊಂಡೇ ನನ್ನ ಕತೆ ಪೂರ್ತಿ ಕೇಳಿದರು.

"ಸರ್, ಪ್ಯಾಂಟು ಯಾವಾಗ್ಲೂ ಅಲ್ಲೇ ಯಾಕೆ ಹರೀತದೆ ಹೇಳಿ" ಎಂದರು. ನನಗೆ ಗೊತ್ತಿರಲಿಲ್ಲ. "ನಾಲ್ಕು ಕಡೆಯ ಹೊಲಿಗೆ ಬಂದು ಸೇರೋದು ಅಲ್ಲಿ. ಕಾಲು ಎತ್ತಿದರೆ ಎಳೆತ ಪೂರಾ ಆ ಒಂದು ಚುಕ್ಕೆಗೆ ಬೀಳ್ತದೆ. ಅಲ್ಲಿ ಡೈಮಂಡ್ ಥರ ಒಂದು ತುಂಡು ಬಟ್ಟೆ ಕೊಟ್ಟರೆ ಎಳೆತ ಹಂಚಿಹೋಗ್ತದೆ. ಹೊರಗಿಂದ ಯಾರಿಗೂ ಕಾಣೋದಿಲ್ಲ."

ಬಟ್ಟೆಯನ್ನೂ ಅವರೇ ತೆಗೆದರು. ಪಾಲಿಯೆಸ್ಟರ್ ಮೂರರಲ್ಲಿ ಎರಡು ಪಾಲು, ಹತ್ತಿ ಒಂದು ಪಾಲು. ಮುಟ್ಟಿದರೆ ಪರಿಚಯದ ಬಟ್ಟೆ. ನಾವೆಲ್ಲ ಹೈಸ್ಕೂಲಿಗೆ ಹೋದದ್ದೇ ಇದರಲ್ಲಿ, ಟೆರಿಕಾಟ್. ಪಾಲಿಯೆಸ್ಟರ್ ಇರುವುದರಿಂದ ಬೇಗ ಒಣಗುತ್ತದೆ, ಇಸ್ತ್ರಿ ನಿಲ್ಲುತ್ತದೆ. ಹತ್ತಿ ಇರುವುದರಿಂದ ಕಾರವಾರದ ಸೆಕೆಗೆ ತೊಡೆಗೆ ಅಂಟಿಕೊಂಡು ಕೂರುವುದಿಲ್ಲ, ಸದ್ದೂ ಮಾಡುವುದಿಲ್ಲ. ದೊಡ್ಡ ಅಂಗಡಿಯವರು ಇದಕ್ಕೇ ಟ್ರಾವೆಲ್ ಪ್ಯಾಂಟ್ ಎಂದು ಇಂಗ್ಲಿಷಿನಲ್ಲಿ ಚೀಟಿ ಹಚ್ಚಿ ಮೂರುಪಟ್ಟು ಕೇಳುತ್ತಾರೆ. ಸ್ವಲ್ಪ ಸ್ಟ್ರೆಚ್ ಇರಲಿ ಅಂದೆ. "ಎರಡು ಪರ್ಸೆಂಟ್ ಸಾಕು. ಜಾಸ್ತಿಯಾದರೆ ಮೊಣಕಾಲಲ್ಲಿ ಗೂಡು ಬೀಳ್ತದೆ" ಎಂದರು.

ಬಾಟಮ್ ಅಗಲ ಇಡಿಸಿದೆ, ಮೊಣಕಾಲಿನವರೆಗೆ ಮಡಚಲು ಬರಬೇಕು. ಕೆಳಗೆ ಪಟ್ಟಿ ಮಡಿಕೆ ಬೇಡ ಎಂದೆ. ಕಾರವಾರದ ಕಡಲದಂಡೆಯ ಮರಳು ಅದರಲ್ಲಿ ಕುಳಿತು ಶಿರಸಿಯ ಆಫೀಸಿನ ಟೈಲ್ಸ್ ಮೇಲೆ ಇಳಿಯುತ್ತದೆ. ಜೇಬು ಓರೆಯಾಗಿ ಸಾದಾ, ಒಳಗೊಂದು ಝಿಪ್ ಇರುವ ಕಿಸೆ, ಅಪ್ಪೆಮಿಡಿ ಹಿಡಿಯದಷ್ಟು ಸಣ್ಣದು. ಬಣ್ಣಕ್ಕೆ ನಾನೇ ಮನೆಯಿಂದ ಒಣಗಿದ ಅಡಿಕೆ ಸಿಪ್ಪೆ ಒಯ್ದು ತೋರಿಸಿದೆ. ಟೈಲರ್ ನಕ್ಕರು, ಆದರೆ ಅದೇ ಕಂದು ಹುಡುಕಿ ಕೊಟ್ಟರು. ಟ್ರಯಲ್ ಅಂತ ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕುಳಿತೆ, ಸ್ಟೂಲು ದಾಟಿದೆ, ಒಂದು ಕಾಲಿಗೆ ಬಾಟಲಿ ನೀರು ಸುರಿದುಕೊಂಡು ಗಡಿಯಾರ ನೋಡುತ್ತ ನಿಂತೆ. ಬ್ಲೌಸ್ ಕೊಡಲು ಬಂದಿದ್ದ ಹೆಂಗಸೊಬ್ಬರು ನಾಳೆ ಬರ್ತೇನೆ ಎಂದು ಹೊರಟುಹೋದರು.

ಪ್ಯಾಂಟು ಚೆನ್ನಾಗಿ ಬಂತು. ದಣಪೆ ದಾಟಿತು, ಹಳ್ಳದ ಮೇಲಿನ ಸಂಕ ದಾಟಿತು, ರಾತ್ರಿ ಹರವಿದ್ದು ಬೆಳಿಗ್ಗೆ ಒಣಗಿತು. ಉಂಬಳಕ್ಕೆ ಮಾತ್ರ ಏನೂ ಉಪಾಯವಿಲ್ಲ. ಸಾಕ್ಸಿನೊಳಗೆ ಪ್ಯಾಂಟು ತುರುಕಿ, ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಹೋಗಬೇಕು. ಮ್ಯಾನೇಜರ್ ನೋಡಿ ಮೆಚ್ಚಿ ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿದರು. ಆಮೇಲೆ ಕ್ಯಾಷಿಯರ್ ಕೇಳಿದರು. ಗೊಬ್ಬರದ ವಿಭಾಗದವರು ಒಟ್ಟಿಗೇ ಹೊಲಿಸಿದರು. ಬಟ್ಟೆಯ ಇಡೀ ತಾನು ಖಾಲಿಯಾಯಿತು ಎಂದು ಟೈಲರ್ ನನಗೆ ಒಂದು ಚಹಾ ಕುಡಿಸಿದರು.

ಸೆಪ್ಟೆಂಬರಿನಲ್ಲಿ ವಾರ್ಷಿಕ ಸರ್ವಸಾಧಾರಣ ಸಭೆ. ಲಾಭ ಹಾನಿ ಓದಿ ಮುಗಿಯಿತು, ಡಿವಿಡೆಂಡ್ ಮುಗಿಯಿತು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಸದಸ್ಯರೊಬ್ಬರು ಎದ್ದು ಮೈಕು ಕೇಳಿ ಪಡೆದರು. ಸಿಬ್ಬಂದಿಗೆಲ್ಲ ಯೂನಿಫಾರ್ಮ್ ಹೊಲಿಸಿದ್ದು ಯಾವ ಬಾಬ್ತಿನಲ್ಲಿ, ಯಾರ ಒಪ್ಪಿಗೆ ಪಡೆದು, ಠರಾವು ಸಂಖ್ಯೆ ಎಷ್ಟು ಎಂದು ಕೇಳಿದರು. ಅಧ್ಯಕ್ಷರು ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ನನ್ನ ಕಡೆ ನೋಡಿದರು. ಇದು ಯೂನಿಫಾರ್ಮ್ ಅಲ್ಲ, ನಮ್ಮ ನಮ್ಮ ದುಡ್ಡಿನದು ಎಂದು ಎದ್ದು ಹೇಳಿದೆ. ನನ್ನ ಜೊತೆಗೆ ಎದ್ದ ಆರೂ ಜನರ ಪ್ಯಾಂಟು ಅದೇ ಅಡಿಕೆ ಸಿಪ್ಪೆ ಬಣ್ಣದ್ದಾಗಿತ್ತು. ತುಸು ಚರ್ಚೆಯಾಗಿ, ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪರಿಶೀಲಿಸುವುದೆಂದು ಠರಾಯಿಸಲಾಯಿತು.